ಋಣವೂ ಅರಣ್ಯವೂ

ಲೋಕದ ವ್ಯವಹಾರವೆಲ್ಲ ನಂಬಿಕೆಯ ಮೇಲೆ ನಿಂತಿದೆಯೆಂದು ಹಿರಿಯರು ಹೇಳುವುದುಂಟು. ಆದರೆ ಆ ನಂಬಿಕೆಯ ಅವಧಿ ಎಲ್ಲ ಕಸುಬುಗಳಲ್ಲಿಯೂ ಒಂದೇ ಆಗಿಲ್ಲ. ಅಂಗಡಿಯನ್ನು ನಡೆಯಿಸುವವನು ನಾಳೆಯನ್ನು ನಂಬಿದರೆ ಸಾಕು. ರಾಗಿಯನ್ನು ಬಿತ್ತುವ ಒಕ್ಕಲಿಗನು ನಾಲ್ಕು ತಿಂಗಳ ಮಳೆಬಿಸಿಲುಗಳನ್ನು ನಂಬಬೇಕು. ತೇಗದ ಸಸಿಯನ್ನು ನೆಡುವವನಾದರೋ ತಾನು ಕಣ್ಮುಚ್ಚಿದ ಮೇಲೆಯೂ ಬಹುಕಾಲದವರೆಗೆ ಮೇಘಗಳು ತಮ್ಮ ಮಾತಿಗೆ ತಪ್ಪುವುದಿಲ್ಲವೆಂದು ನಂಬತಕ್ಕದ್ದಾಗಿದೆ. ಮರವನ್ನು ಬೆಳೆಸುವುದೆಂದರೆ ಕಾಣದ ಕಾಲದೊಡನೆ ಮಾಡಿಕೊಂಡ ಕರಾರು.

ನಮ್ಮ ಪ್ರಾಚೀನರು ಜಗತ್ತನ್ನು ಎತ್ತಿಹಿಡಿದಿರುವ ಕ್ರಮವನ್ನು ಋತವೆಂದು ಕರೆದರು. ಋತುವೆಂಬ ಮಾತೂ ಆ ಧಾತುವಿನಿಂದಲೇ ಬಂದುದು. ಋತುಗಳು ಕ್ರಮದಲ್ಲಿದ್ದಾಗ ಮಳೆ ತಪ್ಪಿ ಬರಗಾಲ ಬಂದರೆ ಅದನ್ನು ದೈವವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಈಗ ಋತುಗಳೇ ಕ್ರಮಗೆಡುತ್ತಿವೆ. ಅದಕ್ಕೆ ಕಾರಣ ಮನುಷ್ಯನ ಕೈ. ಎಲ್ಲಿ ಮನುಷ್ಯನ ಕೈವಾಡವಿರುವುದೋ ಅಲ್ಲಿ ಧರ್ಮಾಧರ್ಮಗಳ ವಿಚಾರವೂ ಬರುತ್ತದೆ. ಕೆಟ್ಟ ಋತುವಿನ ನಷ್ಟವನ್ನು ಕಾಡಿನಲ್ಲಿ ಹೊರತಕ್ಕವರು ಯಾರು? ಕಾಡಿನ ಮುಂದಿನ ಗತಿಯನ್ನು ನಿಶ್ಚಯಿಸತಕ್ಕವರು ಯಾರು? ಈ ಎರಡು ಪ್ರಶ್ನೆಗಳನ್ನು ನಮ್ಮ ನಾಡಿನದೇ ಆದ ಬಿಳಿಗಿರಿರಂಗನ ಬೆಟ್ಟದ ನಿದರ್ಶನವನ್ನಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಅರಣ್ಯಶಾಸ್ತ್ರವು ಯಾವ ತಳಹದಿಯ ಮೇಲೆ ನಿಂತಿದೆಯೆಂಬುದನ್ನು ನೋಡೋಣ. 1713ರಲ್ಲಿ ಜರ್ಮನಿಯ ಗಣಿ ಅಧಿಕಾರಿಯಾದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತನು ಕಾಡಿನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಗಣಿಗಳ ಕುಲುಮೆಗಳಿಗೆ ಸೌದೆಯ ಅಭಾವ ಬಂದಿದ್ದ ಕಾಲ ಅದು. ಬೆಳೆಯುವಷ್ಟನ್ನೇ ಕಡಿಯಬೇಕು, ಮುಂದಿನವರಿಗೂ ಉಳಿಯುವಂತೆ ಬಳಸಬೇಕು ಎಂಬುದು ಅವನ ಬೋಧೆ. ನಮ್ಮ ಸಾಹುಕಾರರ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿಯನ್ನು ಉಣ್ಣಬಹುದು, ಅಸಲನ್ನು ಮುಟ್ಟಕೂಡದು. ಆ ಜರ್ಮನ್ ಪದ್ಧತಿಯಲ್ಲಿ ನುರಿತವನಾದ ಡೀಟ್ರಿಕ್ ಬ್ರಾಂಡಿಸ್ ಎಂಬಾತನು 1864ರಲ್ಲಿ ಭಾರತದ ಅರಣ್ಯಗಳ ಮೊದಲನೆಯ ಮಹಾಪರೀಕ್ಷಕನಾದನು. ಅಲ್ಲಿಂದ ಮುಂದೆ ಕಾಡುಗಳನ್ನು ಅಳೆದು, ಮರಗಳನ್ನೆಣಿಸಿ, ಯಾವ ವರ್ಷ ಯಾವ ಭಾಗದಲ್ಲಿ ಕಡಿಯಬೇಕು, ಯಾವ ತಿಂಗಳಲ್ಲಿ ನೆಡಬೇಕು, ಬೆಂಕಿರೇಖೆಗಳನ್ನು ಎಂದು ಸವರಬೇಕು ಎಂಬುದನ್ನೆಲ್ಲ ಮುಂಚಿತವಾಗಿ ಬರೆದಿಡುವ ಕಾರ್ಯಯೋಜನೆಗಳು ರೂಢಿಗೆ ಬಂದುವು.

ಈ ಯೋಜನೆಗಳಲ್ಲಿ ಅಕ್ಷರದಲ್ಲಿ ಬರೆಯದೆ ಬಿಟ್ಟ ಒಂದು ವಾಕ್ಯವುಂಟು. ಅದು, ನಾಳೆಯ ಹವೆ ನಿನ್ನೆಯ ಹವೆಯಂತೆಯೇ ಇರುವುದು ಎಂಬುದು. ಮೊದಲ ಮಳೆ ಜೂನ್ ತಿಂಗಳಲ್ಲಿ ಬಂದೀತೆಂದು ಸಸಿಮಡಿಗಳನ್ನು ಸಿದ್ಧಗೊಳಿಸುವುದು, ಬೇಸಗೆಯ ಬೆಂಕಿ ಇಂಥ ತಿಂಗಳಲ್ಲಿ ಏಳಬಹುದೆಂದು ಕಾವಲಿನವರನ್ನು ನೇಮಿಸುವುದು, ಒಂದು ಎಕರೆ ಕಾಡು ವರ್ಷಕ್ಕೆ ಇಷ್ಟು ಮರವನ್ನು ಬೆಳೆದೀತೆಂದು ಲೆಕ್ಕಹಾಕುವುದು, ಇವೆಲ್ಲ ಆ ಬರೆಯದ ವಾಕ್ಯವನ್ನು ಆಶ್ರಯಿಸಿಕೊಂಡಿವೆ.

ಆ ವಾಕ್ಯವು ಈಗ ಸತ್ಯವಾಗಿ ಉಳಿದಿಲ್ಲ. ಕಾರ್ಖಾನೆಗಳು ಹುಟ್ಟುವುದಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ವಾಯುವು ಇಂದು 420 ಪಾಲನ್ನು ಮೀರಿದೆ. ಭೂಮಿಯ ಸರಾಸರಿ ಶಾಖವು 2011ರಿಂದ 2020ರವರೆಗಿನ ದಶಕದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿದ್ದಿತು. ಒಂದು ಡಿಗ್ರಿಯೆಂದರೆ ಅಲ್ಪವೆಂದು ತೋರಬಹುದು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಿನ ಆವಿಯು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆ. ಬಾಯಾರಿದ ಗಾಳಿಯು ಬೇಸಗೆಯಲ್ಲಿ ನೆಲದ ಮತ್ತು ತರಗೆಲೆಯ ತೇವವನ್ನು ಹೆಚ್ಚಾಗಿ ಹೀರುತ್ತದೆ. ಸುರಿಯುವ ಕಾಲದಲ್ಲಿ ಹೀರಿದ್ದನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. ಆದುದರಿಂದ ವರ್ಷದ ಮಳೆಯ ಮೊತ್ತವು ಹೆಚ್ಚು ಬದಲಾಗದಿದ್ದರೂ ಅದರ ಹಂಚಿಕೆ ಕೆಡುತ್ತದೆ. ಮರಕ್ಕೆ ಬೇಕಾದುದು ಮೊತ್ತವಲ್ಲ, ಹಂಚಿಕೆ. ಸಂಬಳವನ್ನು ವರ್ಷಕ್ಕೊಮ್ಮೆ ಒಂದೇ ಕಂತಿನಲ್ಲಿ ಕೊಟ್ಟು ನಡುವೆ ಉಪವಾಸವಿರೆಂದರೆ ಸಂಸಾರ ನಡೆಯಲಾರದಷ್ಟೆ.

ಇನ್ನು ನಿದರ್ಶನಕ್ಕೆ ಬರೋಣ. ಬಿಳಿಗಿರಿರಂಗನ ಬೆಟ್ಟಗಳು ಚಾಮರಾಜನಗರ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ಸೇತುವೆಯಂತೆ ಹಬ್ಬಿಕೊಂಡಿವೆ. ಬುಡದಲ್ಲಿ ಸುಮಾರು 600 ಮೀಟರ್, ತುದಿಯಲ್ಲಿ ಸುಮಾರು 1,800 ಮೀಟರ್ ಎತ್ತರ. ಈ ಏರಿಳಿತದಲ್ಲಿ ಕುರುಚಲು ಕಾಡು, ಎಲೆಯುದುರುವ ಕಾಡು, ನಿತ್ಯಹಸುರಿನ ಸೋಲೆ, ಹುಲ್ಲುಗಾವಲು ಎಲ್ಲವೂ ಇವೆ. ಇಲ್ಲಿಯ ಮೂಲನಿವಾಸಿಗಳು ಸೋಲಿಗರು. ಅವರ ಊರಿಗೆ ಪೋಡು ಎಂದು ಹೆಸರು. ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡ ಸಂಪಿಗೆಯ ಮರವೇ ಅವರಿಗೊಂದು ದೇವಾಲಯ. ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ ಇವು ಅವರ ಕಾಡಿನ ಆದಾಯ. ಮನೆಯ ಸುತ್ತ ಸ್ವಲ್ಪ ರಾಗಿ, ಮರಗಳ ನೆರಳಿನಲ್ಲಿ ಸ್ವಲ್ಪ ಕಾಫಿ.

ಸೋಲಿಗರ ಹಿರಿಯರು ಒಂದು ಪದ್ಧತಿಯನ್ನಿಟ್ಟುಕೊಂಡಿದ್ದರು. ಚಳಿಗಾಲ ಕಳೆದು ಬೇಸಗೆ ಬಲಿಯುವುದಕ್ಕೆ ಮುಂಚೆ, ನೆಲದಲ್ಲಿ ಇನ್ನೂ ತೇವವಿರುವಾಗಲೇ ಉದುರಿದ ಎಲೆಗೆ ಕಿಚ್ಚಿಡುವುದು. ಅದಕ್ಕೆ ತರಗುಬೆಂಕಿಯೆಂದು ಹೆಸರು. ಮೊಣಕಾಲೆತ್ತರಕ್ಕೆ ಏಳದ ಆ ಬೆಂಕಿ ತರಗನ್ನು ತಿಂದು, ಹುಲ್ಲಿನ ಚಿಗುರಿಗೆ ದಾರಿ ಮಾಡಿ, ತಾನೇ ಆರಿಹೋಗುತ್ತಿತ್ತು. ನೆಲ್ಲಿಯ ಮರಗಳನ್ನು ಹೀರುವ ಬದನಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಅದನ್ನೂ ಈ ಬೆಂಕಿ ಹತೋಟಿಯಲ್ಲಿಟ್ಟಿತ್ತೆಂಬುದು ಅವರ ಅನುಭವ. ಅರಣ್ಯಶಾಸ್ತ್ರವು ಬೆಂಕಿಯೆಲ್ಲವೂ ವೈರಿಯೆಂದು ಭಾವಿಸಿದುದರಿಂದ ಈ ಪದ್ಧತಿ ಅಪರಾಧವಾಯಿತು. 1974ರಲ್ಲಿ ಬೆಟ್ಟವು ವನ್ಯಮೃಗಗಳ ಅಭಯಾರಣ್ಯವಾದ ಮೇಲೆ ತಿರುಗುಬೇಸಾಯವೂ ತರಗುಬೆಂಕಿಯೂ ನಿಂತುವು. ಅಮೆರಿಕಾ ಖಂಡದಿಂದ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ತೋಟಗಳ ಅಲಂಕಾರಕ್ಕೆಂದು ತಂದ ಲಂಟಾನವು ಕಾಡಿನ ನೆಲವನ್ನು ಮುಚ್ಚುತ್ತ ಬಂದಿತು. 1997ಕ್ಕೂ 2008ಕ್ಕೂ ನಡುವಣ ಕಾಲದಲ್ಲಿಯೇ ಅದು ಈ ಬೆಟ್ಟಗಳಲ್ಲಿ ಆಕ್ರಮಿಸಿದ ಜಾಗಗಳು ಸುಮಾರು ಇಮ್ಮಡಿಯಾದುವೆಂದು ಸಸ್ಯಜ್ಞರು ಎಣಿಸಿ ತೋರಿಸಿದ್ದಾರೆ.

ಇವೆಲ್ಲಕ್ಕೂ ಹವೆಯ ಬದಲಾವಣೆಯೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ಮೊದಲೇ ಒಣಗಿದ ಸೌದೆಯ ರಾಶಿಯ ಮೇಲೆ ಬಿಸಿಗಾಳಿ ಬೀಸಿದಂತಾಗಿದೆ ಎಂದರೆ ತಪ್ಪಾಗದು. ಬೇಸಗೆ ಉದ್ದವಾದಷ್ಟೂ ಲಂಟಾನದ ಮೆಳೆ ಒಣಗುತ್ತದೆ. ಅದಕ್ಕೆ ಹತ್ತಿದ ಬೆಂಕಿ ಏಣಿಯನ್ನೇರಿದಂತೆ ಮರದ ನೆತ್ತಿಗೆ ಹತ್ತುತ್ತದೆ. ನೆರೆಯ ಬಂಡೀಪುರದಲ್ಲಿ 2017ರ ಕಾಳ್ಗಿಚ್ಚನ್ನು ಆರಿಸಲು ಹೋದ ಒಬ್ಬ ಅರಣ್ಯರಕ್ಷಕರು ಪ್ರಾಣವನ್ನೇ ತೆತ್ತರು. 2019ರ ಫೆಬ್ರವರಿಯಲ್ಲಿ ಅಲ್ಲಿಯೇ ನಾಲ್ಕು ಸಾವಿರ ಹೆಕ್ಟೇರಿಗೂ ಮಿಗಿಲಾದ ಕಾಡು ಕೆಲವೇ ದಿನಗಳಲ್ಲಿ ಸುಟ್ಟಿತು. ಆ ಬೆಂಕಿಗಳನ್ನು ಹೊತ್ತಿಸಿದುದು ಮನುಷ್ಯರೇ ಇರಬಹುದು; ಅದು ಅಷ್ಟು ದೂರ ಹಬ್ಬಲು ನೆರವಾದುದು ಒಣಗಿದ ಕಾಡು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂತಹ ವರ್ಷದಲ್ಲಿ ನೆಟ್ಟ ಸಸಿಗಳ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು. ಮೊದಲ ಮಳೆಯನ್ನು ನಂಬಿ ನೆಟ್ಟವು ಎರಡನೆಯ ಮಳೆಯನ್ನು ಕಾಣದೆ ಸುಟ್ಟುಹೋಗುತ್ತವೆ.

ಪೋಡಿನ ಸಂಸಾರಕ್ಕೆ ಇದರ ಅರ್ಥವೇನು? ಕಾಡಿನ ಮರಗಳು ಕಾಲ ತಪ್ಪಿ ಹೂಬಿಟ್ಟರೆ ಹೆಜ್ಜೇನು ಕಟ್ಟುವ ಕಾಲವೂ ಬಂಡೆಯ ಜೇನನ್ನಿಳಿಸುವ ಕಾಲವೂ ಹೊಂದಿಕೊಳ್ಳುವುದಿಲ್ಲ. ಮಾರ್ಚ್ ಏಪ್ರಿಲ್‌ಗಳ ಹೂಮಳೆ ತಪ್ಪಿದರೆ ಕಾಫಿಯ ಮೊಗ್ಗು ಒಣಗುತ್ತದೆ. ಅಕಾಲದಲ್ಲಿ ಸುರಿದರೆ ಅಕಾಲದಲ್ಲಿ ಅರಳಿ ಫಸಲು ಚೆದುರುತ್ತದೆ. ಲಂಟಾನದ ಕೆಳಗೆ ಹುಲ್ಲು ಬೆಳೆಯದಿರಲು ಕಾಟಿಯೂ ಆನೆಯೂ ಮೇವನ್ನರಸಿ ರಾಗಿಯ ಹೊಲಕ್ಕೆ ಇಳಿಯುತ್ತವೆ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಬೇಸಗೆಯಲ್ಲಿ ಬೆಂಕಿಯ ಕಾವಲಿಗೆ ದಿನಗೂಲಿಯ ಮೇಲೆ ನೇಮಕವಾಗುವವರಲ್ಲಿ ಸೋಲಿಗರು ಅನೇಕರು. ಅಜ್ಜನು ಅರಿತು ಹಚ್ಚಿದ ಕಿಚ್ಚು ಅಪರಾಧವಾದುದರಿಂದ, ಮೊಮ್ಮಗನು ಅರಿಯದೆ ಹೊತ್ತಿದ ಕಿಚ್ಚನ್ನು ಸೊಪ್ಪಿನಿಂದ ಬಡಿದು ಆರಿಸುತ್ತಿದ್ದಾನೆ.

ಈಗ ಮೊದಲನೆಯ ಪ್ರಶ್ನೆ. ಈ ನಷ್ಟವನ್ನು ಹೊರತಕ್ಕವರು ಯಾರು? ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟುದರಿಂದ ಇದುವರೆಗೆ ಲೋಕದಲ್ಲಿ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗ ಅಮೆರಿಕಾ ಸಂಯುಕ್ತ ಸಂಸ್ಥಾನವೊಂದರದೇ. ಭಾರತದ ಪಾಲು ನೂರಕ್ಕೆ ಮೂರು ನಾಲ್ಕರಷ್ಟು. ಭಾರತದೊಳಗೂ ನಗರದ ಮನೆಯೊಂದರ ಹೊಗೆಗೂ ಪೋಡಿನ ಮನೆಯೊಂದರ ಹೊಗೆಗೂ ಹೋಲಿಕೆಯಿಲ್ಲ. ಉಂಡವರು ಒಬ್ಬರು, ಅಜೀರ್ಣದ ಉಪವಾಸ ಇನ್ನೊಬ್ಬರದು ಎಂಬಂತಾಗಿದೆ.

ಇದಕ್ಕೊಂದು ಆಕ್ಷೇಪವನ್ನು ಎತ್ತುವುದುಂಟು. ಹೊಗೆಯುಗುಳಿದ ಪೂರ್ವಿಕರು ಅದರ ಫಲವನ್ನು ಅರಿತಿರಲಿಲ್ಲ. ಅರಿಯದೆ ಮಾಡಿದುದು ಪಾಪವಲ್ಲ. ಇನ್ನು ಅವರ ಮಕ್ಕಳಾದ ನಾವಂತೂ ಹೊಣೆಗಾರರಲ್ಲ ಎಂದು. ಸ್ವೀಡನ್ ದೇಶದ ಸ್ವಾಂಟೆ ಅರೇನಿಯಸ್ ಎಂಬ ವಿಜ್ಞಾನಿಯು ಈ ವಾಯುವು ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು 1896ರಲ್ಲಿಯೇ ಗಣಿತ ಮಾಡಿದ್ದನೆಂಬುದನ್ನು ಬದಿಗಿಟ್ಟರೂ, ಆಕ್ಷೇಪವು ಪಾಪಕ್ಕೂ ಋಣಕ್ಕೂ ಇರುವ ಭೇದವನ್ನು ಮರೆತಿದೆ. ಪಾಪವು ಮಾಡಿದವನನ್ನೇ ಅಂಟಿಕೊಂಡಿರುತ್ತದೆ. ಋಣವು ಹಾಗಲ್ಲ, ಅದು ಆಸ್ತಿಯನ್ನು ಹಿಂಬಾಲಿಸುತ್ತದೆ. ತಂದೆಯ ಮನೆಯನ್ನೂ ಜಮೀನನ್ನೂ ಅನುಭವಿಸುವ ಮಗನು ತಂದೆಯ ಸಾಲಪತ್ರವನ್ನು ಮಾತ್ರ ನನ್ನದಲ್ಲವೆಂದರೆ ಊರಿನ ಯಾವ ಪಂಚಾಯಿತಿಯೂ ಒಪ್ಪುವುದಿಲ್ಲ. ಕಲ್ಲಿದ್ದಲು ಕಟ್ಟಿದ ನಗರಗಳ, ರೈಲುಗಳ, ಕಾರ್ಖಾನೆಗಳ ಸೌಕರ್ಯವನ್ನು ಯಾರು ಅನುಭವಿಸುತ್ತಿರುವರೋ ಅವರ ಮೇಲೆ ಆ ಋಣವಿದೆ. ಹುಟ್ಟಿದಾಗಲೇ ಮನುಷ್ಯನು ದೇವ, ಋಷಿ, ಪಿತೃಗಳಿಗೆ ಋಣಿಯೆಂದು ನಮ್ಮ ಧರ್ಮಗ್ರಂಥಗಳು ಹೇಳಿದಾಗಲೂ ಅವನು ಯಾವ ತಪ್ಪನ್ನೂ ಮಾಡಿರಲಿಲ್ಲ. ಪಡೆದವನು ತೀರಿಸಬೇಕು ಎಂಬುದಷ್ಟೇ ಅದರ ತತ್ತ್ವ. ಆದಕಾರಣ ಕಾಡಿನ ಜನಕ್ಕೆ ನಾವು ಮಾಡಬೇಕಾದ ಸಹಾಯವು ದಾನವಲ್ಲ. ದಾನವು ಕೊಡುವವನ ಇಚ್ಛೆಯಂತೆ ನಡೆಯುತ್ತದೆ. ಋಣವನ್ನು ಕೇಳುವ ಅಧಿಕಾರ ಸಾಲ ಕೊಟ್ಟವನಿಗಿದೆ.

ಋಣವನ್ನು ಒಪ್ಪಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಯಾರ ನೆಲದಲ್ಲಿ, ಯಾವ ಬಗೆಯಲ್ಲಿ ತೀರಿಸುವುದೆಂಬುದು ಇನ್ನೂ ಸೂಕ್ಷ್ಮವಾದ ವಿಚಾರ. 2015ರ ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತ ಸರಕಾರವು 2030ರೊಳಗೆ ಹೆಚ್ಚಿನ ಕಾಡುಮರಗಳ ಮೂಲಕ 250ರಿಂದ 300 ಕೋಟಿ ಟನ್ನುಗಳಷ್ಟು ಇಂಗಾಲದ ಡೈಆಕ್ಸೈಡನ್ನು ಹೀರುವ ಶಕ್ತಿಯನ್ನು ಬೆಳೆಸುವುದಾಗಿ ಮಾತುಕೊಟ್ಟಿದೆ. ಗಣಿಗೂ ರಸ್ತೆಗೂ ಕಾಡನ್ನು ಕೊಟ್ಟಾಗ ಅದಕ್ಕೆ ಬದಲು ಬೇರೆ ಕಡೆ ಮರ ಬೆಳೆಸುವ ಹಣಕ್ಕಾಗಿ 2016ರಲ್ಲಿ ಒಂದು ಕಾಯಿದೆಯೂ ಆಯಿತು. ಉದ್ದೇಶಗಳು ಶ್ಲಾಘ್ಯವೇ. ಆದರೆ ಮರ ನೆಡುವುದು ಲೆಕ್ಕವನ್ನು ಸರಿತೂಗಿಸುವ ಉಪಾಯವಾದೊಡನೆ ನೆಲಗಳೆಲ್ಲ ಬರಿದಾಗಿ ಕಾಣಿಸತೊಡಗುತ್ತವೆ. ದನ ಮೇಯುವ ಹುಲ್ಲುಗಾವಲು, ಬಡವರ ಸೌದೆಯ ಕುರುಚಲು, ಪೋಡಿನವರ ಜೇನುಬಂಡೆಯ ತಪ್ಪಲು ಇವೆಲ್ಲ ಕಾಗದದಲ್ಲಿ ಖಾಲಿ ಜಾಗಗಳೇ. ಅಲ್ಲಿ ಒಂದೇ ಜಾತಿಯ, ಬೇಗ ಬೆಳೆಯುವ ಮರಗಳನ್ನು ಸಾಲಾಗಿ ನೆಟ್ಟು ಎಣಿಸುವುದು ಸುಲಭ. ಆದರೆ ಅದು ಪರರ ಹಿತ್ತಿಲಿನಲ್ಲಿ ನಮ್ಮ ಪ್ರಾಯಶ್ಚಿತ್ತವನ್ನು ಮಾಡಿಸಿದಂತೆ. ಹೊಗೆಯನ್ನು ಕಡಮೆ ಮಾಡದೆ ಮರವನ್ನು ಮಾತ್ರ ಎಣಿಸುವವನು ಋಣವನ್ನು ತೀರಿಸುತ್ತಿಲ್ಲ. ಸಾಲಪತ್ರವನ್ನು ಇನ್ನೊಬ್ಬನ ಹೆಸರಿಗೆ ಬರೆಯಿಸುತ್ತಿದ್ದಾನೆ. ಮೇಲಾಗಿ ಬರಗಾಲದಲ್ಲಿ ಒಣಗುವ, ಕಾಳ್ಗಿಚ್ಚಿನಲ್ಲಿ ಸುಡುವ ಮರವು ಹೀರಿದುದನ್ನೆಲ್ಲ ಮತ್ತೆ ಗಾಳಿಗೇ ಉಗುಳುತ್ತದೆ.

ಇನ್ನು ಎರಡನೆಯ ಪ್ರಶ್ನೆ. ತೀರ್ಮಾನ ಯಾರದು? ಅರಣ್ಯ ಇಲಾಖೆಯದೆಂದು ಕೆಲವರು, ಕಾಡಿನ ಜನರದೆಂದು ಕೆಲವರು ವಾದಿಸುತ್ತಾರೆ. ಎರಡನೆಯವರು ಹೇಳುವುದು: ಸೋಲಿಗರು ತಲೆತಲಾಂತರದಿಂದ ಕಾಡನ್ನು ಬಲ್ಲರು, ಅವರ ತರಗುಬೆಂಕಿಯನ್ನು ಹಿಂದಿರುಗಿಸಿದರೆ ಸಾಕು, ಎಲ್ಲವೂ ಸರಿಹೋಗುವುದು. ಈ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣಸತ್ಯವಿಲ್ಲ. ಬರಿಯ ತರಗಿಗೆ ಹಚ್ಚುವ ಕಿಚ್ಚು ಬೇರೆ, ಆಳೆತ್ತರದ ಲಂಟಾನದ ನಡುವೆ ಹಚ್ಚುವ ಕಿಚ್ಚು ಬೇರೆ. ಮೊದಲು ಮೆಳೆಯನ್ನು ಕಿತ್ತು ಹದಗೊಳಿಸದೆ ಹಳೆಯ ಪದ್ಧತಿಯನ್ನು ಹಾಗೆಯೇ ತಂದರೆ ಅನಾಹುತವಾದೀತು. ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಅಧಿಕಾರಿಯ ಪುಸ್ತಕವು ಹೇಗೆ ಹಳೆಯ ಋತುಗಳ ಆಧಾರದ ಮೇಲೆ ಬರೆದುದೋ ಹಾಗೆಯೇ ಸೋಲಿಗರ ನೆನಪೂ ಹಳೆಯ ಋತುಗಳಿಂದ ಕಲಿತುದು. ಋತು ಕೆಟ್ಟಾಗ ಎರಡು ಜ್ಞಾನಗಳೂ ಅಷ್ಟಷ್ಟು ಹಳತಾಗುತ್ತವೆ. ಅಪ್ಪ ನೆಟ್ಟ ಆಲದಮರವೆಂದು ನೇಣುಹಾಕಿಕೊಳ್ಳಬಾರದೆಂಬ ಗಾದೆಯು ಇಲಾಖೆಗೂ ಸಲ್ಲುತ್ತದೆ, ಪೋಡಿಗೂ ಸಲ್ಲುತ್ತದೆ.

ಹಾಗಾದರೆ ಇಬ್ಬರೂ ಸಮಾನರಾಗಿ ಅಜ್ಞರೆಂದು ತೀರ್ಮಾನವನ್ನು ದೂರದ ತಜ್ಞರಿಗೆ ಬಿಡೋಣವೇ? ಇಲ್ಲಿಯೇ ನ್ಯಾಯದ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಅನಿಶ್ಚಿತವಾದ ಕಾಲದಲ್ಲಿ ಯಾವ ತೀರ್ಮಾನವೂ ಪರೀಕ್ಷೆಯೇ; ತಪ್ಪುಗಳಾಗಿಯೇ ಆಗುತ್ತವೆ. ಆದರೆ ತಪ್ಪಿನ ಬೆಲೆ ಎಲ್ಲರಿಗೂ ಒಂದೇ ಅಲ್ಲ. ದೂರದಲ್ಲಿ ಕುಳಿತು ಮಾಡಿದ ತಪ್ಪು ವರದಿಯಲ್ಲಿ ಒಂದು ಸಾಲಾಗಿ ಮುಗಿಯುತ್ತದೆ. ಅದೇ ತಪ್ಪು ಪೋಡಿನಲ್ಲಿ ಬರಿದಾದ ಜೇನಿನ ಗಡಿಗೆಯಾಗಿ, ಆನೆ ತುಳಿದ ಹೊಲವಾಗಿ, ಕೂಲಿಗಾಗಿ ಊರು ಬಿಟ್ಟ ಮಗನಾಗಿ ಉಳಿಯುತ್ತದೆ. ತಪ್ಪಿನ ಫಲವನ್ನು ಉಣ್ಣುವವನಿಗೆ ತೀರ್ಮಾನದಲ್ಲಿ ಪಾಲಿಲ್ಲದಿರುವುದು ಅಧರ್ಮ. ಇದಲ್ಲದೆ, ಋತುವಿನ ಬದಲಾವಣೆಯನ್ನು ಮೊದಲು ಕಾಣುವವನು ದಿನವೂ ಕಾಡಿನಲ್ಲಿ ಓಡಾಡುವವನೇ. ಅವನ ಹಳೆಯ ನೆನಪು ಸಾಲದೆ ಹೋದರೂ ಹೊಸದನ್ನು ಕಾಣುವ ಅವನ ಕಣ್ಣನ್ನು ಬೇರೆ ಯಾವ ಯಂತ್ರವೂ ಕೊಡಲಾರದು.

ನಮ್ಮ ಶಾಸನವೂ ಈ ದಾರಿಯನ್ನು ಸ್ವಲ್ಪಮಟ್ಟಿಗೆ ಹಿಡಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಫಲವಾಗಿ ಅಭಯಾರಣ್ಯದ ಉತ್ಪನ್ನಗಳನ್ನು ಮಾರಾಟಕ್ಕೆಂದು ಕೂಡಿಸುವುದು ನಿಂತು, ಸೋಲಿಗರ ಸಂಸಾರಗಳು ಕಷ್ಟಕ್ಕೀಡಾದುವು. ಬಳಿಕ 2006ರ ಅರಣ್ಯಹಕ್ಕುಗಳ ಕಾಯಿದೆ ಬಂದಿತು. 2011ರಲ್ಲಿ ಬೆಟ್ಟವು ಹುಲಿಗಳ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಅದೇ ವರ್ಷದಲ್ಲಿ ಸೋಲಿಗರ ಇಪ್ಪತ್ತೈದು ಗ್ರಾಮಸಭೆಗಳಿಗೆ ಕಾಡನ್ನು ಬಳಸುವ ಮತ್ತು ಕಾಪಾಡುವ ಸಾಮೂಹಿಕ ಹಕ್ಕುಗಳು ಮಾನ್ಯವಾದುವು. ಹುಲಿಯ ಕಾಡಿನ ನಡುವೆ ಮನುಷ್ಯನ ಹಕ್ಕನ್ನು ಹೀಗೆ ಒಪ್ಪಿಕೊಂಡುದು ದೇಶಕ್ಕೇ ಮೇಲ್ಪಂಕ್ತಿಯಾಯಿತು. ಆದರೆ ಕಾಗದದ ಹಕ್ಕು ಕಾಡಿನ ನಿತ್ಯದ ಕಾರ್ಯದಲ್ಲಿ ಕಾಣಿಸಿಕೊಂಡಾಗಲೇ ಸಾರ್ಥಕ. ಯಾವ ತಪ್ಪಲಿನ ಲಂಟಾನವನ್ನು ಮೊದಲು ಕೀಳಬೇಕು, ಯಾವ ವಾರದಲ್ಲಿ ನೆಲದ ತೇವ ಕಿಚ್ಚಿಗೆ ಹದವಾಗಿದೆ, ಯಾವ ಮರ ಈ ಬಿಸಿಲನ್ನು ತಾಳಬಲ್ಲದು ಎಂಬ ವಿಷಯಗಳಲ್ಲಿ ಗ್ರಾಮಸಭೆಯೂ ಅರಣ್ಯಾಧಿಕಾರಿಯೂ ಒಟ್ಟಿಗೆ ಕುಳಿತು, ಸಣ್ಣ ತುಂಡು ನೆಲದಲ್ಲಿ ಪ್ರಯೋಗಿಸಿ ನೋಡಿ, ಫಲವನ್ನು ಒಟ್ಟಿಗೆ ಬರೆದಿಡಬೇಕು. ಕಾರ್ಯಯೋಜನೆಯು ಶಿಲಾಶಾಸನದಂತಿರದೆ ವರ್ಷವರ್ಷವೂ ತಿದ್ದುವ ಪಂಚಾಂಗದಂತಿರಬೇಕು. ಪ್ರಯೋಗ ಕೆಟ್ಟರೆ ಅದರ ನಷ್ಟವನ್ನು ಪೋಡಿನ ತಲೆಗೆ ಕಟ್ಟದೆ ಸಾರ್ವಜನಿಕರ ಬೊಕ್ಕಸವೇ ಹೊರಬೇಕು. ಋಣವನ್ನು ತೀರಿಸುವುದೆಂದರೆ ಇದು.

ಪಟ್ಟಣದ ವಿದ್ಯಾವಂತರಾದ ನಮಗೆ ಇದರಲ್ಲಿ ಕೆಲಸವೇನೆಂದು ಕೇಳಬಹುದು. ಈ ಬೆಟ್ಟಗಳ ತೊರೆಗಳು ಕಾವೇರಿಯನ್ನು ಸೇರುತ್ತವೆ. ಆ ನೀರು ನಮ್ಮ ಮನೆಯ ನಲ್ಲಿಗೂ ಬರುತ್ತದೆ. ನಮ್ಮ ಬಾಗಿಲ ತೇಗ, ಹಾಸಿಗೆಯ ಪಕ್ಕದ ದೀಪ, ಬೀದಿಯ ವಾಹನ ಇವೆಲ್ಲ ಆ ಸಾಲಪತ್ರದ ಬಾಬುಗಳೇ. ವರ್ಷಕ್ಕೊಂದು ದಿನ ಸಸಿಯೊಂದನ್ನು ನೆಟ್ಟು ಛಾಯಾಚಿತ್ರ ತೆಗೆಯಿಸಿಕೊಂಡು ಸಮಾಧಾನಪಡುವುದು ಸುಲಭ. ಉರಿಸುವುದನ್ನು ಕಡಮೆ ಮಾಡುವುದು, ನಮ್ಮ ಹೆಸರಿನಲ್ಲಿ ಯಾರ ನೆಲದ ಮೇಲೆ ಮರ ನೆಡುತ್ತಿರುವರೆಂದು ವಿಚಾರಿಸುವುದು, ಆ ನೆಲದ ಜನರ ಒಪ್ಪಿಗೆಯನ್ನು ಕೇಳಿದರೋ ಇಲ್ಲವೋ ಎಂದು ಪ್ರಶ್ನಿಸುವುದು ಕಷ್ಟ. ಕಷ್ಟವಾದುದೇ ಇಲ್ಲಿ ಕರ್ತವ್ಯ.

ಮುಂದಿನ ನೂರು ವರ್ಷಗಳ ಮಳೆಯ ವಿಷಯದಲ್ಲಿ ಯಾರೂ ಯಾರಿಗೂ ಭರವಸೆ ಕೊಡಲಾರರು. ಆದರೂ ಗಿಡ ನೆಡುವುದು ನಿಲ್ಲಬಾರದು. ಮೇಘದ ಮಾತನ್ನು ನಂಬಲಾಗದ ಕಾಲದಲ್ಲಿ ಮನುಷ್ಯನ ಮಾತನ್ನಾದರೂ ನಂಬುವಂತಿರಬೇಕು. ಆ ಮಾತನ್ನು ಮೊದಲು ಉಳಿಸಿಕೊಳ್ಳಬೇಕಾದುದು, ನಾವು ನೆಟ್ಟ ಗಿಡದ ಪಕ್ಕದಲ್ಲಿ ನಾವು ಹೋದ ಮೇಲೆಯೂ ವಾಸವಾಗಿರುವವರೊಡನೆ.